ಸಮುದ್ರಕ್ಕೆ ದಾರಿ, ಸಾತನೂರು ರಸ್ತೆಯಿಂದ ಎಡಕ್ಕೆ

ಹೋದ ತಿಂಗಳು ಹುಣಸನದೊಡ್ಡಿಗೆ ಹೋಗಿದ್ದಾಗ ನನ್ನ ಸೋದರಮಾವನ ಮನೆಯ ಹಿತ್ತಲಲ್ಲಿ ಕೈ ತೊಳೆಯುತ್ತ ನಿಂತಿದ್ದೆ. ಪಕ್ಕದಲ್ಲಿ ಕೋಳಿಗೂಡು. ಗೂಡಿನ ಮೇಲೆ ಒಂದು ತಗಡು, ಗಾಳಿಗೆ ಹಾರದಿರಲೆಂದು ಅದರ ಮೇಲೊಂದು ಕಲ್ಲು. ತಗಡಿನ ಅಂಚಿನಲ್ಲಿ ಹಳೆಯ ನೀಲಿ ಬಣ್ಣ ಕಂಡಿತು. ಕಡ್ಡಿಯೊಂದನ್ನು ತೆಗೆದುಕೊಂಡು ಕೋಳಿ ಹಿಕ್ಕೆ ಕೆರೆದೆ. ಅದೇ! 'ಸಮುದ್ರಕ್ಕೆ ದಾರಿ' ಎಂಬ ದಪ್ಪ ಅಕ್ಷರ, ಅದರ ಕೆಳಗೆ ಬಾಣದ ಗುರುತು. ಬಾಣ ಈಗ ನೇರವಾಗಿ ತಿಪ್ಪೆಗುಂಡಿಯನ್ನು ತೋರಿಸುತ್ತಿತ್ತು. ಮೂಲೆಯಲ್ಲಿ ಒಂದು ಡಾಲ್ಫಿನ್. ಅದು ಡಾಲ್ಫಿನ್ ಎಂದು ನಾನು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಬರೆದವನು ನಾನೇ. ಊರವರು ಅಂದಿನಿಂದ ಇಂದಿನವರೆಗೂ ಅದನ್ನು ಬದನೆಕಾಯಿ ಎಂದೇ ಕರೆಯುತ್ತಾರೆ.

ನಾನು ರಾಮನಗರದಲ್ಲಿ ಡ್ರಾಯಿಂಗ್ ಮೇಷ್ಟ್ರು. ನಮ್ಮ ಬಂಧುಬಳಗದಲ್ಲಿ ಡ್ರಾಯಿಂಗ್ ಮೇಷ್ಟ್ರು ಎಂದರೆ ಬ್ರಷ್ಷಿನಿಂದ ಮಾಡಬಹುದಾದ ಎಲ್ಲವನ್ನೂ ಬಿಟ್ಟಿಯಾಗಿ ಮಾಡಿಕೊಡಬೇಕಾದ ಪ್ರಾಣಿ ಎಂದರ್ಥ. ಎತ್ತಿನ ಕೊಂಬಿಗೆ ಬಣ್ಣ ಬಳಿದಿದ್ದೇನೆ. ನಾಟಕದ ರಾಕ್ಷಸನಿಗೆ ಮೀಸೆ ಬರೆದಿದ್ದೇನೆ. ಆದರೆ ಸಮುದ್ರವಿಲ್ಲದ ಊರಿಗೆ ಸಮುದ್ರದ ಬೋರ್ಡು ಬರೆದ ಮೇಷ್ಟ್ರು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಹುಣಸನದೊಡ್ಡಿಗೂ ಸಮುದ್ರಕ್ಕೂ ಏನಯ್ಯಾ ಸಂಬಂಧ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ಒಂದು ಮಣ್ಣುದಾರಿ ಒಡೆಯುತ್ತದೆ. ಆ ದಾರಿಯಲ್ಲಿ ನಡೆದು ನಡೆದು, ಇನ್ನು ಊರೇ ಇಲ್ಲವೇನೋ ಎಂದು ಕೂತುಬಿಡುವ ಹೊತ್ತಿಗೆ ಊರು ಬರುತ್ತದೆ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಡೈರಿಗೆ ಹಾಲು ಹಾಕುವ ಹಸುಗಳು, ಒಂದು ಕೆರೆ. ಸಮುದ್ರವನ್ನು ನೆನಪಿಸುವಂಥದ್ದು ಅಲ್ಲಿ ಏನಾದರೂ ಇದ್ದರೆ ಅದು ನನ್ನ ಅತ್ತೆ ಮಾಡುವ ಉಪ್ಸಾರಿನ ಉಪ್ಪು ಮಾತ್ರ.

ಚಿಕ್ಕವನಿದ್ದಾಗ ಪ್ರತಿ ರಜೆಗೂ ನಾನು ಅಲ್ಲಿಗೆ ಹೋಗುತ್ತಿದ್ದೆ. ರಾಮನಗರದಲ್ಲಿ ನಮ್ಮ ಮನೆಯಿದ್ದದ್ದು ರೇಷ್ಮೆ ಬಿಚ್ಚುವ ಫಿಲೇಚರುಗಳ ಬೀದಿಯಲ್ಲಿ. ಗೂಡು ಬೇಯುವ ವಾಸನೆ ನಮ್ಮ ಅನ್ನದಲ್ಲೂ ಇರುತ್ತಿತ್ತು, ಹೊದಿಕೆಯಲ್ಲೂ ಇರುತ್ತಿತ್ತು. ಹಾಗಾಗಿ ಮೇನ್ ರೋಡಿನಲ್ಲಿ ಬಸ್ಸಿಳಿದು ಹುಣಸೆ ಮರಗಳ ಕೆಳಗೆ ನಡೆಯುವಾಗ ಮುಖಕ್ಕೆ ಹೊಸ ಮೂಗು ಬಂದಂತಾಗುತ್ತಿತ್ತು. ಅತ್ತೆ ಜವರಮ್ಮ ಬಾಗಿಲಲ್ಲೇ ಕಾದು ನಿಂತು, "ಬಂದ್ಯಾ ಮಗ? ಕಾಲು ನೋಯ್ತಾವಾ?" ಎಂದು ಬಿಸಿನೀರು ಕೊಡುತ್ತಿದ್ದಳು. ಅವರೆಕಾಯಿ ಕಾಲವಾದರೆ ಹಿತಕಿದ ಬೇಳೆ ಸಾರು. ನೆನೆಸಿದ ಕಾಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಚಿಮ್ಮಿಸುವುದನ್ನು ಅತ್ತೆಯಿಂದಲೇ ಕಲಿತೆ. ನನ್ನ ಬೇಳೆ ಪಾತ್ರೆಗೆ ಬೀಳುವ ಬದಲು ಮಾವನ ಕಿವಿಗೆ ಬೀಳುತ್ತಿತ್ತು.

ಎಲ್ಲಿಗೆ ಹೋಗುತ್ತಿದ್ದೇನೆ ನಾನು? ಹಾಂ, ಸಮುದ್ರ. ಸಮುದ್ರಕ್ಕೆ ಮೂಲ ಕಾರಣ ಅತ್ತೆ ಮತ್ತು ಅವಳ ತಂಗಿ ಸಾಕಮ್ಮನ ಜಗಳ.

ಸಾಕಮ್ಮನ ಮನೆ ಸಾತನೂರಿನಲ್ಲಿ. ಒಂದು ವರ್ಷ ಅವಳು ಹೊಸ ಮನೆ ಕಟ್ಟಿಸಿದಳು. ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಅಕ್ಕನನ್ನು ಕರೆಯಬೇಕಲ್ಲ? ಕರೆದಳು. ಎಲ್ಲಿ ಕರೆದಳು? ಚನ್ನಪಟ್ಟಣದ ಸಂತೆಯಲ್ಲಿ! ಹುಣಸೆಹಣ್ಣು ತೂಗಿಸಿಕೊಳ್ಳುತ್ತ ನಿಂತವಳು, ಎದುರಿಗೆ ಅಕ್ಕ ಸಿಕ್ಕಿದಳೆಂದು, "ಅಕ್ಕ, ಬರೋ ಸೋಮ್ವಾರ ಒಕ್ಕಲು, ಬಂದ್ಬುಡು" ಎಂದುಬಿಟ್ಟಳು. ನಮ್ಮ ಕಡೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಕರೆಯುವುದೆಂದರೆ ಮನೆಗೆ ಬರಬೇಕು, ಅರಿಸಿನ ಕುಂಕುಮ ಕೊಡಬೇಕು, ಎಲೆ ಅಡಿಕೆ ಇಡಬೇಕು, ಆಮೇಲೆ ಬಾಯಿ ಬಿಡಬೇಕು. ಕರೆಯದೇ ಇದ್ದಿದ್ದರೂ ಅತ್ತೆ ಕ್ಷಮಿಸುತ್ತಿದ್ದಳೋ ಏನೋ. "ಹುಣ್ಸೆಹಣ್ಣಿನ ಜೊತೆ ನನ್ನೂ ತೂಗ್ಬುಟ್ಲು" ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡು ಮನೆಗೆ ಬಂದವಳು ಒಕ್ಕಲಿಗೆ ಹೋಗಲಿಲ್ಲ. ಅಕ್ಕ ಬರಲಿಲ್ಲವೆಂದು ತಂಗಿಯೂ ಮುನಿಸಿಕೊಂಡಳು. ಅಲ್ಲಿಗೆ ಹೋಗುಬರುವುದು ನಿಂತುಹೋಯಿತು. ವರ್ಷಗಳೇ ಕಳೆದವು.

ಆದರೆ ಪ್ರತಿ ಅವರೆಕಾಯಿ ಕಾಲದಲ್ಲಿ ಅತ್ತೆ ಹಿತಕಿದ ಬೇಳೆ ಸಾರನ್ನು ಒಂದು ಸಣ್ಣ ಪಾತ್ರೆಯಲ್ಲಿ ಬೇರೆ ತೆಗೆದಿಡುತ್ತಿದ್ದಳು. ಅದು ಸಾಕಮ್ಮನಿಗೆ ಪ್ರಾಣ. "ಇದು ಯಾರಿಗೆ ಅತ್ತೆ?" ಎಂದು ನಾನು ಕೇಳಿದರೆ, "ಯಾರ್ಗೋ, ಯಾರಾದ್ರೂ ಬತ್ತಾರೆ" ಎನ್ನುವಳು. ಯಾರೂ ಬರುತ್ತಿರಲಿಲ್ಲ. ಸಂಜೆಗೆ ಆ ಪಾತ್ರೆ ನನ್ನ ಪಾಲಾಗುತ್ತಿತ್ತು. ತಿನ್ನುವಾಗ ಗಂಟಲು ಕಟ್ಟುತ್ತಿತ್ತು ಎಂದು ಬರೆಯಬೇಕು, ಆದರೆ ಸತ್ಯ ಹೇಳುತ್ತೇನೆ, ಸಾರು ಬಹಳ ಚೆನ್ನಾಗಿರುತ್ತಿತ್ತು.

ತಂಗಿ ಮನೆಗೆ ಹೋಗಿ ಬಾರೇ ಎಂದು ಯಾರಾದರೂ ಅಂದರೆ ಅತ್ತೆಯ ಉತ್ತರ ಸಿದ್ಧವಾಗಿರುತ್ತಿತ್ತು. "ಎಂಗೆ ಹೋಗ್ಲಿ? ನನ್ ಮೊಣಕಾಲು ನೋಡಿದ್ದೀಯಾ? ಊರಿಗೆ ಒಂದು ಬಸ್ಸಿದ್ದಿದ್ರೆ ಯಾವತ್ತೋ ಹೋಗ್ಬುಟ್ಟಿರ್ತಿದ್ದೆ." ಎತ್ತಿನ ಗಾಡಿ ಕಟ್ಟುತ್ತೇನೆ ಎಂದರೆ ಸೊಂಟ ಅಲ್ಲಾಡುತ್ತದೆ. ಮೊಪೆಡ್ಡಿನ ಹಿಂದೆ ಕೂರು ಎಂದರೆ ಸೀರೆ ಸಿಕ್ಕಿಕೊಳ್ಳುತ್ತದೆ. ಬಸ್ಸೇ ಆಗಬೇಕು, ಅದೂ ಮನೆಬಾಗಿಲಿಗೆ.

ನನ್ನ ಮಾವ ಸಿದ್ದೇಗೌಡ ಕಡಿಮೆ ಮಾತಿನ ಮನುಷ್ಯ. ಆದರೆ ತಲೆಗೆ ಒಂದು ಹುಳ ಹೊಕ್ಕರೆ ಅದು ಗೂಡು ಕಟ್ಟುವವರೆಗೂ ಬಿಡುವವನಲ್ಲ. ಬಿಡದಿಯಲ್ಲಿ ಕಾರ್ಖಾನೆಗಳು ಎದ್ದು, ಕಂಪನಿ ಬಸ್ಸುಗಳು ಸುತ್ತಲ ಹಳ್ಳಿಗಳಿಗೆಲ್ಲ ನುಗ್ಗುತ್ತಿದ್ದ ಕಾಲ ಅದು. ನಾನೂ ಆಗಲೇ ಮೇಷ್ಟ್ರಾಗಿದ್ದೆ, ಆದರೂ ರಜೆಗೆ ಅಲ್ಲಿಗೇ ಹೋಗುತ್ತಿದ್ದೆ. ನಮ್ಮ ಊರಿಗೆ ಮಾತ್ರ ಯಾವ ಬಸ್ಸೂ ಇಲ್ಲ. ಅಂಥ ಹೊತ್ತಿನಲ್ಲಿ ರೇಷ್ಮೆ ಬೆಳೆಗಾರರದೊಂದು ಪ್ರವಾಸ ಹೊರಟಿತು. ಮಾವನೂ ಹೋದ. ಕಾರವಾರದ ಕಡೆ ಎಲ್ಲೋ ಸಮುದ್ರದ ದಂಡೆಯ ಒಂದು ಊರಿನಲ್ಲಿ ಇಳಿಸಿದರಂತೆ. ಉಳಿದವರೆಲ್ಲ ಪಂಚೆ ಎತ್ತಿಕಟ್ಟಿ ಅಲೆಗಳಲ್ಲಿ ಬಿದ್ದು ಎದ್ದು ಉಪ್ಪುನೀರು ಕುಡಿಯುತ್ತಿದ್ದರೆ, ಇವನು ಸಮುದ್ರಕ್ಕೆ ಬೆನ್ನು ಹಾಕಿ ಊರನ್ನು ನೋಡುತ್ತ ಕೂತನಂತೆ. ಚುರುಮುರಿ ಮಾರುವ ಒಬ್ಬ ಮುದುಕಿಯ ಹತ್ತಿರ ಇಡೀ ಸಂಜೆ ಮಾತಾಡಿದನಂತೆ.

ಬಂದವನೇ ನನಗೆ ಹೇಳಿದ. "ಅಳಿಯ, ಮೊದ್ಲು ಆ ಊರ್ಗೆ ನಾಯಿನೂ ಬತ್ತಿರ್ಲಿಲ್ವಂತೆ ಕಣ್ಲಾ. ಮೀನು ಹಿಡಿಯೋರು ಬುಟ್ರೆ ಯಾರೂ ಇಲ್ಲ. ಆಮೇಕೆ ಟೂರಿಸ್ಟುಗಳು ಬಂದ್ರು. ಈಗ ನೋಡು, ಮನೆಮನೇಲೂ ಒಂದ್ ರೂಮು ಬಾಡಿಗೆಗೆ ಬುಟ್ಟವ್ರೆ. ದೋಣಿಯೋನು ಮೀನು ಸಿಗ್ದೆ ಇದ್ರೂ ಜನಾನ ಕೂರಿಸ್ಕಂಡು ಸುತ್ತು ಹೊಡೀತಾನೆ. ಎಂಗಸ್ರು ಅಡಿಗೆ ಮಾಡಿ ಊಟಕ್ಕಾಕ್ತಾರೆ. ದೀಪ ಬಂತು, ನಲ್ಲಿ ಬಂತು. ಎಲ್ಲದ್ಕಿಂತ ಹೆಚ್ಚಾಗಿ..." ಇಲ್ಲಿ ಮಾವ ನನ್ನ ರಟ್ಟೆ ಹಿಡಿದುಕೊಂಡ. "ಬಸ್ಸು ಸೀದಾ ಮರಳವರ್ಗೂ ಬತ್ತದೆ ಕಣ್ಲಾ. ಆ ಮುದ್ಕಿ ಮನೆ ಬಾಗ್ಲಿಗೇ ನಿಲ್ತದೆ. ಅವ್ಳಿಗೂ ಮೊಣಕಾಲು ನೋವು."

"ಸರಿ ಮಾವ, ನಮ್ಗೆಲ್ಲಿ ಸಮುದ್ರ?"

"ಕೆರೆ ಇಲ್ವಾ?" ಎಂದ ಮಾವ.

ನಾನು ನಕ್ಕೆ. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದೆ. ಅವನು ಆಗಲೇ ಬಸ್ ಡಿಪೋಗೆ ಹೋಗಿಬಂದಿದ್ದ. ಅಲ್ಲಿ ಯಾರೋ ಸಾಹೇಬರು, "ಜನ ಬರೋ ಜಾಗ ಇದ್ದರೆ ಬಸ್ಸು ಬಿಡಬಹುದು ಗೌಡ್ರೇ, ನಿಮ್ಮೂರಿಗೆ ಯಾರು ಬರ್ತಾರೆ?" ಎಂದು ಕೇಳಿದ್ದರಂತೆ. "ಟೂರಿಸ್ಟ್ ಬತ್ತಾರೆ ಸಾ, ಬೀಚ್ ಐತೆ" ಎಂದು ಹೇಳಿಬಂದಿದ್ದ. ಸಾಹೇಬರಿಗೆ ಏನು ಅರ್ಥವಾಯಿತೋ, ಒಂದು ಭಾನುವಾರ ಪರೀಕ್ಷೆಗೆಂದು ಒಂದು ಟ್ರಿಪ್ಪು ಕಳಿಸಲು ಒಪ್ಪಿಕೊಂಡಿದ್ದರು.

ಇನ್ನೇನು, ಸಮುದ್ರ ಮಾಡುವುದೊಂದೇ ಬಾಕಿ. ಊರಿಗೆ ಊರೇ ಎದ್ದು ನಿಂತಿತು. ಬಸ್ಸು ಬರುವುದು ಯಾರಿಗೆ ಬೇಡ? ಕೆರೆಯ ಒಂದು ಮಗ್ಗುಲಲ್ಲಿ ಎಮ್ಮೆ ಇಳಿಯುವ ಇಳಿಜಾರು ಇತ್ತಲ್ಲ, ಅಲ್ಲಿ ಮರಳು ಹರಡುವುದೆಂದು ತೀರ್ಮಾನವಾಯಿತು. ಆ ವರ್ಷಗಳಲ್ಲಿ ಎಲ್ಲ ಕಡೆ ಕಟ್ಟಡ ಏಳುತ್ತಿದ್ದವು, ಹೊಳೆಯ ಮರಳು ಸಾಲದೆ ನಮ್ಮ ಕಡೆಯವರು ಮಣ್ಣನ್ನೇ ಗುಂಡಿಗೆ ಹಾಕಿ ತೊಳೆದು ಮರಳು ಮಾಡುತ್ತಿದ್ದರು. ಫಿಲ್ಟರ್ ಮರಳು ಎನ್ನುತ್ತಾರೆ. ನೋಡಲು ಥೇಟ್ ಮರಳೇ. ನೀರು ಸೋಕಿದರೆ ಮಾತ್ರ ಅದಕ್ಕೆ ತಾನು ಮಣ್ಣೆಂಬುದು ಜ್ಞಾಪಕಕ್ಕೆ ಬಂದುಬಿಡುತ್ತದೆ. ಅಂಥ ಮರಳನ್ನು ಟ್ರ್ಯಾಕ್ಟರುಗಳಲ್ಲಿ ತಂದು ನೀರಿನಂಚಿಗೆ ಸುರಿದರು.

ಸಮುದ್ರದ ದಂಡೆಯಲ್ಲಿ ಕೊಡೆಗಳಿರುತ್ತವೆ ಎಂದ ಮಾವ. ರೇಷ್ಮೆ ಹುಳ ಸಾಕುವ ದುಂಡನೆಯ ಬಿದಿರು ತಟ್ಟೆಗಳನ್ನು ಗಳುಗಳ ಮೇಲೆ ಕಟ್ಟಿ ನಿಲ್ಲಿಸಿದರು. ನೆರಳು ಬಿತ್ತು, ಜೊತೆಗೆ ಅಷ್ಟಿಷ್ಟು ಒಣಗಿದ ಹುಳುವಿನ ಹಿಕ್ಕೆಯೂ ಬಿತ್ತು. ಚಿಪ್ಪುಗಳಿರುತ್ತವೆ ಎಂದ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಒಬ್ಬ ನೆಂಟ ಕೆಂಪು ಹಳದಿ ಹಸಿರು ಅರಗು ಬಳಿದ ಮರದ ಚಿಪ್ಪುಗಳನ್ನು ಕಡೆದು ಕಳಿಸಿದ. ನೀರಿನಂಚಿಗೆ ಹರಡಿದ್ದೇ ತಡ, ಅವೆಲ್ಲ ತೇಲಿಕೊಂಡು ಕೆರೆಯ ನಡುವಿಗೆ ಹೋದವು.

ಅಲೆಯದು ದೊಡ್ಡ ಸಮಸ್ಯೆ. ಅಲೆಯಿಲ್ಲದ ಸಮುದ್ರ ಉಂಟೇ? ಆಚೆ ದಡದಿಂದ ಎಮ್ಮೆಗಳನ್ನು ಒಟ್ಟಿಗೆ ನೀರಿಗೆ ನುಗ್ಗಿಸಿದರೆ ಈಚೆ ದಡಕ್ಕೆ ಅಲೆ ಬರುತ್ತದೆ ಎಂದು ಯಾರೋ ಕಂಡುಹಿಡಿದರು. ಪ್ರಯೋಗವೂ ಆಯಿತು. ನಿಜವಾಗಿಯೂ ಒಂದು ಅಲೆ ಬಂದು ನನ್ನ ಚಪ್ಪಲಿ ನೆನೆಸಿತು. ಆದರೆ ಎಮ್ಮೆಯಿಂದ ಬರುವುದು ಒಂದೇ ಅಲೆ. ಆಮೇಲೆ ಅದು ಮೂಗು ಮಾತ್ರ ಮೇಲಿಟ್ಟು ಕಣ್ಣು ಮುಚ್ಚಿಬಿಡುತ್ತದೆ. ಇನ್ನೊಂದು ಅಲೆ ಬೇಕೆಂದರೆ ಅದನ್ನು ಬೈದು, ಹೊಡೆದು, ಬಾಲ ಹಿಡಿದೆಳೆದು ಮೇಲಕ್ಕೆ ಹತ್ತಿಸಿ ಮತ್ತೆ ಇಳಿಸಬೇಕು. ಕೊನೆಗೆ ಊರವರು ಪಾಳಿ ಹಾಕಿಕೊಂಡರು.

ನಾನು ಬೋರ್ಡು ಬರೆದೆ. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. "ನಿಮ್ಮಾವಂಗೆ ಬುದ್ಧಿ ಕೆಟ್ಟದೆ ಅಂದ್ರೆ ನಿಂಗೂ ಕೆಟ್ಟದಾ? ಅದ್ಯಾಕ್ಲಾ ಬದ್ನೆಕಾಯಿ ಬರ್ದಿದ್ದೀಯಾ?" ಎಂದಳು. ಆ ಹೆಸರಿಗೆ ಮೂಲ ಅವಳೇ.

ಭಾನುವಾರ ಬಂತು, ಬಸ್ಸೂ ಬಂತು. ಮಣ್ಣುದಾರಿಯಲ್ಲಿ ಕೆಂಪು ಬಸ್ಸು ತೂಗಾಡುತ್ತ ಬರುವುದನ್ನು ಕಂಡು ಹೆಂಗಸರು ಆರತಿ ತಟ್ಟೆ ಹಿಡಿದು ಓಡಿದರು. ಡ್ರೈವರು ಮಾಗಡಿ ಕಡೆಯವನು, ಬಾಯಿ ಬಿಡದ ಮನುಷ್ಯ. ಕಂಡಕ್ಟರು ಬಿಜಾಪುರದವನು, ಬಾಯಿ ಮುಚ್ಚದ ಮನುಷ್ಯ. "ಇನ್ನೂ ಮುಂದೆ, ಇನ್ನೂ ಮುಂದೆ, ಸೀದಾ ಮರಳಿಗೇ ಬುಡಿ!" ಎಂದು ಮಾವ ಟವೆಲ್ಲು ಬೀಸುತ್ತ ಹಿಂದೆ ಹಿಂದೆ ಸರಿದ. ಅವನ ಕಣ್ಣಮುಂದೆ ಆ ಚುರುಮುರಿ ಮುದುಕಿಯ ಬಾಗಿಲಿತ್ತು. ಬಸ್ಸು ಕೆರೆ ಏರಿಯಿಂದ ಇಳಿಯಿತು, ಮರಳಿಗೆ ಬಂತು, ಆಚೆ ದಡದವರು ಎಮ್ಮೆಗಳನ್ನು ನುಗ್ಗಿಸಿದರು, ಅಲೆ ಬಂತು. ನೀರು ತಾಗಿದ್ದೇ ಮರಳಿಗೆ ಹಳೆಯ ಜ್ಞಾಪಕ ಮರುಕಳಿಸಿತು. ಬಸ್ಸು ಮೆಲ್ಲಗೆ, ಬಸುರಿ ಹೆಂಗಸು ಕೂರುವ ಹಾಗೆ, ಹಿಂಭಾಗ ಇಳಿಸಿ ಕೂತುಬಿಟ್ಟಿತು.

"ಏನ್ರೀ ಗೌಡ್ರ, ಸಮುದ್ರ ಅಂತ ಕರದ್ರಿ, ಇಲ್ಲಿ ಎಮ್ಮಿ ಮೈ ತೊಳಿಯಾಕತ್ತೀರಲ್ರೀ!" ಎಂದು ಕಂಡಕ್ಟರು ಬಾಗಿಲಿನಿಂದ ಕೂಗಿದ. ಇಳಿಯಲು ಹೋಗಿ ಮೊಣಕಾಲವರೆಗೆ ಹೂತುಹೋದ.

ಚಕ್ರದ ಕೆಳಗೆ ಹಿಪ್ಪುನೇರಳೆ ಕಡ್ಡಿ ತುರುಕಿದರು. ಎತ್ತು ಕಟ್ಟಿದರು. ಟ್ರ್ಯಾಕ್ಟರಿಗೆ ಹಗ್ಗ ಹಾಕಿದರು, ಹಗ್ಗ ಹರಿಯಿತು. ಎಳೆದಷ್ಟೂ ಇಳಿಯಿತು. ಡಿಪೋಗೆ ಫೋನು ಹೋಯಿತು. ಬಸ್ಸೆತ್ತುವ ಗಾಡಿ ಬೇರೆ ಕಡೆ ಹೋಗಿದೆ, ಬರುವವರೆಗೆ ಬಸ್ಸು ಬಿಟ್ಟು ಕದಲಬೇಡಿ ಎಂದು ಉತ್ತರ ಬಂತು.

ಸಂಜೆ ಮಾವ ಏರಿಯ ಮೇಲೆ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಕೂತೆ. ಸಮಾಧಾನ ಹೇಳೋಣವೆಂದು, "ಬಿಡು ಮಾವ, ಅತ್ತೆ ಬಸ್ಸು ಬಸ್ಸು ಅಂತಿದ್ದದ್ದೇ ಒಂದು ನೆಪ" ಎಂದೆ. ಅವನು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದ.

"ನೆಪ ಅಂತ ನಂಗೊತ್ತಿಲ್ವೇನ್ಲಾ? ಅವ್ಳ ಜೊತೆ ಬಾಳಾಟ ಮಾಡ್ತಿರೋನು ನಾನು. ತಂಗೀನ ನೆನಸ್ಕಂಡು ಅವ್ಳು ಬಚ್ಚಲಲ್ಲಿ ನಿಂತ್ಕಂಡು ಅಳ್ತಾಳೆ ಕಣ್ಲಾ, ನೀರು ಹುಯ್ಕಳೋ ಸದ್ದಲ್ಲಿ ಕೇಳ್ಸಲ್ಲ ಅನ್ಕಂಡವ್ಳೆ. ಆ ನೆಪ ಒಂದು ಇಲ್ದಂಗೆ ಮಾಡ್ಬುಟ್ರೆ ಆಮೇಕೆ ಏನ್ ಹೇಳ್ತಾಳೆ, ಹೋಗ್ಲೇಬೇಕಲ್ಲ ಅಂತಿದ್ದೆ. ಈಗ ನೋಡು, ಬಸ್ಸೇ ಹೂತೋಯ್ತು. ಅವ್ಳ ನೆಪ ಗಟ್ಟಿಯಾಯ್ತು."

ಇಷ್ಟು ದಿನ ನಾನು ಈ ಮನುಷ್ಯನನ್ನು ಮಂಕು ಎಂದುಕೊಂಡಿದ್ದೆನಲ್ಲ ಎಂದು ಸಂಕಟವಾಯಿತು.

ಮಾರನೆಯ ದಿನದಿಂದ ಶುರುವಾಯಿತು ನೋಡಿ ಜಾತ್ರೆ. ಹುಣಸನದೊಡ್ಡಿಯ ಸಮುದ್ರ ನೋಡಲು ಒಬ್ಬನೂ ಬಂದಿರಲಿಲ್ಲ. ಆದರೆ ಸಮುದ್ರದಲ್ಲಿ ಬಸ್ಸು ಹೂತಿದೆಯಂತೆ ಎಂಬ ಸುದ್ದಿ ಹಬ್ಬಿದ್ದೇ, ಜನವೋ ಜನ! ಚನ್ನಪಟ್ಟಣದಿಂದ ಬಂದರು, ಕನಕಪುರದಿಂದ ಬಂದರು, ಬಿಡದಿಯ ಕಾರ್ಖಾನೆಯವರು ಯೂನಿಫಾರಂನಲ್ಲೇ ಬಂದು ಬಸ್ಸಿಗೆ ಒರಗಿ ಫೋಟೊ ತೆಗೆಸಿಕೊಂಡರು. ಮೇನ್ ರೋಡಿನಲ್ಲಿ ನನ್ನ ಬೋರ್ಡಿನ ಮುಂದೆ ಗಾಡಿಗಳು ನಿಂತು ದಾರಿ ಕೇಳತೊಡಗಿದವು. ಮಾವ ಹೇಳಿದ್ದ ಒಂದೊಂದೂ ಹಾಗೆಯೇ ನಡೆಯಿತು. ಮನೆಮನೆಯಲ್ಲೂ ಬೋಂಡದ ಬಾಣಲೆ ಏರಿತು. ಎಳನೀರು, ಕಳ್ಳೇಕಾಯಿ, ಸೌತೆಕಾಯಿ. ಒಬ್ಬಳು ತನ್ನ ಜಗಲಿಯನ್ನೇ ಕೂರುವುದಕ್ಕೆ ಬಾಡಿಗೆಗೆ ಕೊಟ್ಟಳು. ಎಮ್ಮೆ ಕಾಯುವವರು ಈಗ ಕೇಳಿದಾಗಲೆಲ್ಲ ಅಲೆ ಬಿಡುತ್ತಿದ್ದರು. ಊರಿನಲ್ಲಿ ಎಲ್ಲರ ಮುಖದಲ್ಲೂ ಕಳೆ.

ಕಂಡಕ್ಟರು ಕಾನೂನಿನ ಮನುಷ್ಯ. ಬಸ್ಸು ಹತ್ತಿ ಕೂತು ನೋಡಬಯಸುವವರು ಟಿಕೆಟ್ ತೆಗೆದುಕೊಳ್ಳಲೇಬೇಕು ಎಂದು ಪಟ್ಟುಹಿಡಿದ. "ಬಸ್ ಓಡಲಿ ಬಿಡಲಿ, ಒಳಗ ಬಂದ್ರ ಪ್ಯಾಸೆಂಜರ್ರೀ!" ಎಲ್ಲಿಂದ ಎಲ್ಲಿಗೆ ಎಂದು ಕೇಳಿದರೆ, "ಹುಣಸನದೊಡ್ಡಿಯಿಂದ ಹುಣಸನದೊಡ್ಡಿಗೆ" ಎಂದು ಹರಿದುಕೊಡುತ್ತಿದ್ದ. ಅವನಿಗೂ ಡ್ರೈವರಿಗೂ ಸರದಿಯ ಮೇಲೆ ಒಂದೊಂದು ಮನೆಯ ಊಟ. ಮೊದಲ ದಿನ ನಮ್ಮ ಮನೆಯಲ್ಲಿ ರಾಗಿಮುದ್ದೆಯನ್ನು ರೊಟ್ಟಿಯಂತೆ ಅಗಿಯಹೋಗಿ ಬಾಯಿ ಅಂಟಿಸಿಕೊಂಡ. ಆ ಊರಿನಲ್ಲಿ ಅವನು ಸುಮ್ಮನಿದ್ದದ್ದು ಅಷ್ಟು ಹೊತ್ತು ಮಾತ್ರ.

ಇದರ ನಡುವೆ ಒಂದು ದಿನ ಅರಳಿಕಟ್ಟೆಯಲ್ಲಿ ಹಿರಿಯರು ಸೇರಿದರು. ಬಸ್ಸು ತಾನಾಗಿಯೇ ಮೇಲೆ ಬಂದುಬಿಟ್ಟರೆ ಗತಿಯೇನು ಎಂಬುದು ಅಂದಿನ ವಿಷಯ. "ಒಸಿ ಒಳಿಕ್ಕೆ ತಳ್ಬುಡವ" ಎಂದ ಟೀ ಅಂಗಡಿಯವನು. ಎರಡನೇ ಬಸ್ಸೊಂದನ್ನು ಕೇಳಿ ತರಿಸಿ ಅದನ್ನೂ ಹೂಳಿದರೆ ಹೇಗೆ ಎಂದ ಇನ್ನೊಬ್ಬ. ಯಾರೂ ನಗಲಿಲ್ಲ, ಯೋಚಿಸಿದರು.

ಅತ್ತೆ ಮಾತ್ರ ಬಸ್ಸಿನ ಕಡೆ ತಲೆಯನ್ನೂ ಹಾಕಲಿಲ್ಲ. "ಓಡೋ ಬಸ್ಸು ಕೇಳಿದ್ರೆ ಕೂತ್ಕಳೋ ಬಸ್ಸು ತಂದವ್ರೆ" ಎನ್ನುತ್ತ ಏರಿಯ ಮೇಲೆ ಹುಣಸೆ ಮರದಡಿ ಕೂತು, ನೆನೆಸಿದ ಅವರೆಕಾಳಿನ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಹಿತಕುತ್ತಿದ್ದಳು. ಬಂದವರಿಗೆಲ್ಲ ಅವಳ ಹಿತಕಿದ ಬೇಳೆ ಸಾರು ಬೇಕಾಗಿತ್ತು. ಮಾಡಿ ಸಾಕಾಗುತ್ತಿತ್ತು.

ಒಂದು ಮಧ್ಯಾಹ್ನ ಸಾತನೂರಿನಿಂದ ಜನ ತುಂಬಿದ ಟ್ರ್ಯಾಕ್ಟರು ಬಂತು. ಇಳಿದವರಲ್ಲಿ ಸಾಕಮ್ಮನೂ ಇದ್ದಳು. ಕೂದಲು ಬೆಳ್ಳಗಾಗಿತ್ತು. ಅಕ್ಕನನ್ನು ಕಂಡಳು, ಕಾಣದವಳಂತೆ ಆಕಾಶಕ್ಕೆ ಹೇಳಿದಳು. "ನಾನೇನ್ ಯಾರ್ನೂ ನೋಡಕ್ಕೆ ಬಂದಿಲ್ಲಪ್ಪ. ಬಸ್ ನೋಡಕ್ಕೆ ಬಂದಿವ್ನಿ." ಹಾಗೆಂದು ಸೀದಾ ಬಸ್ಸು ಹತ್ತಿ, ಟಿಕೆಟ್ ತೆಗೆದುಕೊಂಡು, ಹೆಂಗಸರ ಸೀಟಿನಲ್ಲಿ ಕಿಟಕಿ ಪಕ್ಕ ಕೂತಳು.

ಅತ್ತೆಯ ಬೆರಳು ನಿಂತುಹೋದವು. ಮಾವ ಎಲ್ಲಿದ್ದನೋ, ಓಡಿಬಂದ. ಅವನು ತಾನೇ ನೆಪ ಹುಡುಕಿ ಆಡಿದ ಮಾತು ನಾನು ಜೀವನದಲ್ಲಿ ಕೇಳಿದ್ದು ಅದೊಂದೇ. "ಲೇ ಅಮ್ಮಿ, ಬಿಸ್ಲಲ್ಲಿ ಯಾಕ್ ಕೂತಿದ್ದೀ? ಬಸ್ಸೊಳ್ಗೆ ನೆಳ್ಳೈತೆ."

ಹುಣಸೆ ಮರದಡಿ ಇನ್ನೆಂಥ ಬಿಸಿಲು! ಆದರೂ ಅತ್ತೆ ಎದ್ದಳು. ಮೊಣಕಾಲು ಹಿಡಿದುಕೊಳ್ಳುವುದನ್ನೂ ಮರೆತು ಹತ್ತಿದಳು. ಬೇಕಾದಷ್ಟು ಸೀಟು ಖಾಲಿಯಿದ್ದರೂ ಸಾಕಮ್ಮನ ಪಕ್ಕದಲ್ಲೇ ಕೂತು, ಮುಖ ಈ ಕಡೆ ತಿರುಗಿಸಿದಳು. ನಡುವೆ ಅವರೆಕಾಳಿನ ಪಾತ್ರೆ. ಯೋಚಿಸಿ ನೋಡಿ, ಆ ಬಸ್ಸು ಅಕ್ಕನ ಮನೆಯೂ ಅಲ್ಲ, ತಂಗಿಯ ಮನೆಯೂ ಅಲ್ಲ. ಅಲ್ಲಿ ಯಾರೂ ಯಾರನ್ನೂ ಕರೆಯಬೇಕಾಗಿರಲಿಲ್ಲ.

"ಕಂಡಕ್ಟ್ರಪ್ಪ," ಎಂದಳು ಅತ್ತೆ, "ಪಕ್ಕದಲ್ಲಿ ಕೂತವ್ರಲ್ಲ, ಅವ್ರನ್ನ ಕೇಳು. ಒಡಹುಟ್ಟಿದೋರ್ನ ಸಂತೇಲಿ ಕರೀತಾರಾ?"

"ಕಂಡಕ್ಟ್ರಣ್ಣ, ನೀನೇ ಹೇಳು ಅವ್ರಿಗೆ," ಎಂದಳು ಸಾಕಮ್ಮ. "ಸಂತೇಲಿ ಸಿಕ್ಕಿದ್ರು ಅಂತ ಬಾಯ್ಮಾತಿಗೆ ಅಂದಿದ್ದು. ಮಾರ್ನೆ ದಿನ ಅರ್ಸಿನ ಕುಂಕ್ಮ ಕಟ್ಕಂಡು ಕರ್ಯಕ್ಕೆ ಅಂತ್ಲೇ ಹೊಂಟಿದ್ದೆ. ಮೇನ್ ರೋಡ್ಗಂಟ ಬಂದು ನಿಂತ್ಕಂಡೆ. ಊರಿಗೆ ಬಸ್ಸೆಲ್ಲಿತ್ತು? 'ಬಸ್ಸಿದ್ದಿದ್ರೆ ಹೋಗ್ಬುಟ್ಟಿರ್ತಿದ್ದೆ' ಅಂತ ಅನ್ಕಂಡು ವಾಪಸ್ ಹೋದೆ."

ನಾನು ಮತ್ತು ಮಾವ ಕಿಟಕಿಯ ಹೊರಗೆ ನಿಂತಿದ್ದೆವು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಿಜವೋ ಸುಳ್ಳೋ ದೇವರಿಗೇ ಗೊತ್ತು. ಕಂಡಕ್ಟರು ಪಾಪ, ಇಬ್ಬರ ನಡುವೆ ತಲೆ ಆ ಕಡೆ ಈ ಕಡೆ ತಿರುಗಿಸುತ್ತ, "ಬಸ್ ಇಲ್ದಾಗಿಂದು ಬಸ್ಸಿನ್ಯಾಗ ಯಾಕ ಹೇಳ್ತೀರಬೇ, ಇಬ್ರೂ ಮಾತಾಡ್ಕೋರಿ!" ಎಂದು ಕೈಮುಗಿದು ಡ್ರೈವರ ಪಕ್ಕ ಹೋಗಿ ಕೂತ. ಆಮೇಲೆ ಸಾಕಮ್ಮನ ಕೈ ತಾನಾಗಿ ಪಾತ್ರೆಗೆ ಹೋಯಿತು. ಒಂದು ಕಾಳು ತೆಗೆದು ಹಿತಕಿದಳು. ಅತ್ತೆಯೂ ಒಂದು ಹಿತಕಿದಳು. ಬೆರಳು ಓಡಿದಂತೆ ಮಾತೂ ಓಡಿತು. ಯಾರಿಗೆ ಮದುವೆಯಾಯಿತು, ಯಾರು ತೀರಿಕೊಂಡರು, ಯಾವ ಹಸು ಎಷ್ಟು ಹಾಲು ಕೊಡುತ್ತಿದೆ. ಬಸ್ಸಿನ ನೆಲವೆಲ್ಲ ಅವರೆ ಸಿಪ್ಪೆ.

ಆಗಲೇ ಕನಕಪುರದ ಕಡೆಯ ಕಲ್ಲುಕೋರೆಯಿಂದ ಡಿಪೋದವರು ಗೊತ್ತುಮಾಡಿದ್ದ ಕ್ರೇನು ಬಂದುಬಿಟ್ಟಿತು. ಊರವರೆಲ್ಲ ಅಯ್ಯೋ ಅಂದರು. ಬಸ್ಸೊಳಗಿದ್ದವರೆಲ್ಲ ಇಳಿದರು, ಇವರಿಬ್ಬರ ಹೊರತು. "ಅವ್ವಾರ, ಇಳೀರೀ!" ಎಂದು ಕಂಡಕ್ಟರು ಕೂಗಿದ. "ಒಸಿ ಇರಪ್ಪ, ಒಂದ್ ಹಿಡಿ ಐತೆ, ಮುಗಿಸ್ಬುಡ್ತೀವಿ" ಎಂದರು ಇಬ್ಬರೂ ಒಟ್ಟಿಗೆ. ಸರಪಳಿ ಬಿಗಿಯಿತು. ಪಚಕ್ ಎಂದು ದೊಡ್ಡ ಸದ್ದಿನೊಂದಿಗೆ ಬಸ್ಸು ಕೆಸರಿನಿಂದ ಎದ್ದಿತು. ಏರಿಯ ಮೇಲಿಟ್ಟು ನೂಕಿದಾಗ ಹೇಗೋ ಎಂಜಿನ್ನೂ ಹೊತ್ತಿತು. ಅಷ್ಟು ದಿನ ಬಾಯಿ ಬಿಡದ ಡ್ರೈವರು ಆಗ ಬಾಯಿ ಬಿಟ್ಟ. "ನಿಲ್ಸಿದ್ರೆ ಮತ್ತೆ ಸ್ಟಾರ್ಟ್ ಆಗಾಕಿಲ್ಲ! ಜಾಗ ಬುಡ್ರಲೇ!" ಎಂದು ಅರಚಿ ಬಸ್ಸು ಬಿಟ್ಟೇಬಿಟ್ಟ.

ಅತ್ತೆ ಏರಿಯ ಮೇಲೆ ಬಿಟ್ಟಿದ್ದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಮಾವ ಹಿಂದೆಯೇ ಓಡಿದ. ಮೇನ್ ರೋಡಿಗೆ ನಾನು ಏದುಸಿರು ಬಿಡುತ್ತ ಬರುವಷ್ಟರಲ್ಲಿ, ಅವನು ಬೋರ್ಡಿನ ಕೆಳಗೆ ಚಪ್ಪಲಿ ಹಿಡಿದು ನಿಂತಿದ್ದ. ಬಸ್ಸು ಡಿಪೋದ ದಾರಿ ಹಿಡಿದು ಸಾತನೂರಿನ ಕಡೆ ಸಣ್ಣದಾಗುತ್ತಿತ್ತು. ಮಾವ ಅಳುತ್ತಿದ್ದನೋ ನಗುತ್ತಿದ್ದನೋ ಗೊತ್ತಾಗಲಿಲ್ಲ. "ಹೋದ್ಲು ಕಣ್ಲಾ" ಎಂದ.

ಮುಂದಿನದು ಕಂಡಕ್ಟರು ಆಮೇಲೆ ತನ್ನ ಟಿಫಿನ್ ಡಬ್ಬಿ ಹುಡುಕಿಕೊಂಡು ಬಂದಾಗ ಹೇಳಿದ್ದು. ಸಾತನೂರು ಬಸ್‌ಸ್ಟ್ಯಾಂಡಿನ ಹತ್ತಿರ ಎಂಜಿನ್ನು ತಾನಾಗಿಯೇ ನಿಂತಿತಂತೆ. ಅತ್ತೆ ಇಳಿಯಲು ಹೋದರೆ ಸಾಕಮ್ಮ ತಡೆದು, "ಇಳೀಬ್ಯಾಡ ಅಕ್ಕ, ಕೂತಿರು!" ಎಂದು ಒಂದೇ ಓಟದಲ್ಲಿ ಮನೆಗೆ ಹೋದಳಂತೆ. ತಟ್ಟೆಯಲ್ಲಿ ಅರಿಸಿನ ಕುಂಕುಮ, ಎಲೆ ಅಡಿಕೆ ಇಟ್ಟುಕೊಂಡು ಬಂದು ಬಸ್ಸು ಹತ್ತಿದಳಂತೆ. "ಇಷ್ಟು ದಿನ ನಿಮ್ಮೂರಲ್ಲಿ ನಿಂತಿದ್ದ ಬಸ್ಸು, ನಿನ್ ಮನೇನೇ ಅನ್ಕೋ" ಎಂದು ಅಕ್ಕನ ಹಣೆಗೆ ಕುಂಕುಮ ಇಟ್ಟು, "ಅಕ್ಕ, ಮನೆ ಒಕ್ಕಲಾಯ್ತು, ಬಾ" ಎಂದಳಂತೆ. "ಇಬ್ರೂ ತೆಕ್ಕಿಬಿದ್ದು ಅತ್ತರ್ರೀ. ನನಗೂ ಎಲಿಅಡಿಕಿ ಕೊಟ್ರು. ಇಪ್ಪತ್ತೊಂದು ಸಲ ಹೇಳಿದ್ನಿರೀ, ಹುಣಸನದೊಡ್ಡಿ ಟಿಕೀಟಿನ ಮ್ಯಾಲೆ ಸಾತನೂರಿಗೆ ಬರಾಂಗಿಲ್ಲ ಅಂತ. ಯಾರ್ ಕೇಳ್ತಾರ!" ಎಂದು ಕಂಡಕ್ಟರು ಕಣ್ಣೊರೆಸಿಕೊಂಡ.

ಅತ್ತೆ ಅವರೆಕಾಯಿ ಕಾಲ ಮುಗಿಯುವವರೆಗೂ ಅಲ್ಲೇ ಇದ್ದಳು. ಮಡಿಲು ತುಂಬಿಸಿಕೊಂಡು, ಮೇನ್ ರೋಡಿನಿಂದ ನಡೆದೇ ಬಂದಳು. ಡಿಪೋದವರು ಹುಣಸನದೊಡ್ಡಿಗೆ ಬಸ್ಸು ಹಾಕಲಿಲ್ಲ. ಅವರನ್ನು ದೂರುವ ಹಾಗಿಲ್ಲ. ಹಾಕಿದ್ದರೆ ನಮ್ಮವರು ಒಂದೇ ವಾರದಲ್ಲಿ ಹೂಳುತ್ತಿದ್ದರು. ಮರಳು ಮುಂದಿನ ಮಳೆಗೆ ಕರಗಿತು, ತಟ್ಟೆಗಳು ಹುಳುಗಳಿಗೆ ಮರಳಿದವು. ಬೇಸಗೆಯಲ್ಲಿ ನೀರಿಳಿದಾಗ ಈಗಲೂ ಒಂದೆರಡು ಬಣ್ಣದ ಚಿಪ್ಪು ಸಿಗುತ್ತವೆ.

ಇಷ್ಟನ್ನೆಲ್ಲ ನೆನೆಯುತ್ತ ಕೋಳಿಗೂಡಿನ ಮುಂದೆ ನಿಂತಿದ್ದೆನಲ್ಲ, ಹಿಂದಿನಿಂದ ಅತ್ತೆ ಬಂದಳು. ಕೈಯಲ್ಲಿ ಚೀಲ, ಚೀಲದೊಳಗೆ ಮುಚ್ಚಳ ಬಿಗಿದ ಸಣ್ಣ ಪಾತ್ರೆ. ಸಾತನೂರಿಗೆ ಹೊರಟಿದ್ದಳು, ಮೇನ್ ರೋಡಿನವರೆಗೆ ನಡೆದುಕೊಂಡು.

"ಮೊಣಕಾಲು ಹೇಗಿದೆ ಅತ್ತೆ?"

"ಮೊಣಕಾಲ್ಗೇನಾಗದೆ?"

"ಅಂತೂ ಆವತ್ತು ನೀನೇ ಸೋತು ತಂಗಿ ಮನೆಗೆ ಹೋದೆ ನೋಡು" ಎಂದು ಕೆಣಕಿದೆ.

ಅತ್ತೆ ಚೀಲ ಕೆಳಗಿಟ್ಟು, ನಾನು ಕದಲಿಸಿದ್ದ ತಗಡನ್ನು ಸರಿಯಾಗಿ ಗೂಡಿನ ಮೇಲೆಳೆದು ಕಲ್ಲು ಹೇರಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಾನೆಲ್ಲಿ ಹೋದೆ?" ಎಂದಳು. "ಬಸ್ಸು ಕರ್ಕಂಡೋಯ್ತು."